ಒಳಗಿನಿಂದ ಹಾಕಿಕೊಂಡ ಗಡಿ: ಈಮ್ ಹಳ್ಳಿಯ ಪ್ಲೇಗು, 1665–66

ಸಾಂಕ್ರಾಮಿಕ ಬಂದಾಗ ಹೊರಗಿನವರು ಊರೊಂದಕ್ಕೆ ದಿಗ್ಬಂಧನ ಹಾಕುವುದು ಚರಿತ್ರೆಯಲ್ಲಿ ಹೊಸದೇನಲ್ಲ. ಊರಿನವರೇ ತಮ್ಮ ಸುತ್ತ ಗೆರೆ ಎಳೆದುಕೊಂಡು, ಸಾವು ಮನೆಮನೆಗೂ ನುಗ್ಗುತ್ತಿದ್ದಾಗಲೂ ಅದನ್ನು ತಿಂಗಳುಗಟ್ಟಲೆ ಬಹುಮಟ್ಟಿಗೆ ದಾಟದೆ ಉಳಿದದ್ದು ಮಾತ್ರ ಅಪರೂಪ. ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತದ ಈಮ್ ಎಂಬ ಹಳ್ಳಿಯ ಪ್ರಕರಣ ಅಂಥದ್ದು. ಇದನ್ನು ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ನಾನು ಇಲ್ಲಿ ಅದನ್ನು ಒಂದರ ಹಿಂದೆ ಒಂದು ಬಂದ ನಿರ್ಧಾರಗಳ ಸಾಲಾಗಿ ನೋಡಲು ಪ್ರಯತ್ನಿಸಿದ್ದೇನೆ. ಸಾರ್ವಜನಿಕ ಹೊಣೆ ಹೊತ್ತಿದ್ದ ಇಬ್ಬರು ಪಾದ್ರಿಗಳನ್ನೂ ಒಬ್ಬ ಜಹಗೀರುದಾರನನ್ನೂ, ಜೊತೆಗೆ ಪಾದ್ರಿಯೊಬ್ಬನ ಹೆಂಡತಿಯನ್ನೂ ಬಿಟ್ಟರೆ ಉಳಿದವರನ್ನು ಅವರ ಕಸುಬು ಇಲ್ಲವೇ ಸಂಬಂಧದಿಂದಷ್ಟೇ ಗುರುತಿಸಿದ್ದೇನೆ. ಅವರ ಹೆಸರುಗಳು ಸಮಾಧಿಕಲ್ಲುಗಳ ಮೇಲಿವೆ ನಿಜ, ಆದರೆ ಅವುಗಳಿಲ್ಲದೆಯೂ ಪ್ರಕರಣ ಅರ್ಥವಾಗುತ್ತದೆ.

ಹಿನ್ನೆಲೆ

ಈಮ್ ಬೆಟ್ಟದ ಸೆರಗಿನ ಹಳ್ಳಿ. ಬೇಸಾಯ, ಕುರಿ ಸಾಕಣೆ ಮತ್ತು ಸೀಸದ ಗಣಿ ಅಲ್ಲಿನವರ ಜೀವನಾಧಾರ. ಆಗಿನ ಜನಸಂಖ್ಯೆ 350 ಎಂದು ಬಹುಕಾಲ ಹೇಳಲಾಗುತ್ತಿತ್ತು. ಈಚಿನ ಸಂಶೋಧಕರು ಅದನ್ನು ಸುಮಾರು 700 ಎಂದು ಎಣಿಸುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. ಸತ್ತವರ ಸಂಖ್ಯೆ ಸುಮಾರು 260 ಎಂಬುದರಲ್ಲಿ ಹೆಚ್ಚು ತಕರಾರಿಲ್ಲದಿರುವಾಗ, ಊರಿನ ಮುಕ್ಕಾಲು ಭಾಗ ಅಳಿಯಿತೋ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಳಿಯಿತೋ ಎಂಬುದು ಈ ಎಣಿಕೆಯ ಮೇಲೇ ನಿಂತಿದೆ.

ಊರಿನ ಒಳಗಿನ ರಾಜಕೀಯವನ್ನು ತಿಳಿಯದೆ ಮುಂದಿನದು ಅರ್ಥವಾಗದು. ರಾಜನಿಲ್ಲದ ಕಾಮನ್‌ವೆಲ್ತ್ ಆಡಳಿತದ ಕಾಲದಲ್ಲಿ ಅಲ್ಲಿ ಪಾದ್ರಿಯಾಗಿದ್ದವನು ಥಾಮಸ್ ಸ್ಟ್ಯಾನ್ಲಿ. ರಾಜಪ್ರಭುತ್ವ ಮರಳಿದ ಮೇಲೆ ಬಂದ 1662ರ ಏಕರೂಪತಾ ಕಾಯ್ದೆಯಂತೆ ಸರ್ಕಾರ ಗೊತ್ತುಮಾಡಿದ ಪ್ರಾರ್ಥನಾ ಗ್ರಂಥವನ್ನು ಒಪ್ಪದ ಪಾದ್ರಿಗಳೆಲ್ಲ ಹುದ್ದೆ ಕಳೆದುಕೊಂಡರು. ಸ್ಟ್ಯಾನ್ಲಿ ಅವರಲ್ಲೊಬ್ಬ. 1664ರಲ್ಲಿ ವಿಲಿಯಂ ಮೊಂಪೆಸನ್ ಎಂಬ ತರುಣ ಪಾದ್ರಿ ಹೆಂಡತಿ ಮತ್ತು ಇಬ್ಬರು ಎಳೆಯ ಮಕ್ಕಳೊಂದಿಗೆ ಅಲ್ಲಿಗೆ ಬಂದ. ಊರಿನ ಬಹುಮಂದಿಯ ಮನಸ್ಸು ಹಳೆಯ ಪಾದ್ರಿಯ ಕಡೆಗಿತ್ತು. ಹೊಸಬನ ಕೈಯಲ್ಲಿ ಅಧಿಕಾರವಿತ್ತು, ಮಾತಿಗೆ ತೂಕವಿರಲಿಲ್ಲ. ಇನ್ನೊಬ್ಬನ ಮಾತಿಗೆ ತೂಕವಿತ್ತು, ಕೈಯಲ್ಲಿ ಅಧಿಕಾರವಿರಲಿಲ್ಲ.

ಬಟ್ಟೆಯ ಗಂಟು

1665ರ ಬೇಸಿಗೆಯಲ್ಲಿ ಲಂಡನ್ ಪ್ಲೇಗಿನಿಂದ ತತ್ತರಿಸಿತ್ತು. ಅಲ್ಲಿನ ಅಧಿಕೃತ ಸಾವಿನ ಪಟ್ಟಿಗಳು ಆ ವರ್ಷ ಪ್ಲೇಗಿಗೆ ಬಲಿಯಾದವರನ್ನು 68,596 ಎಂದು ಲೆಕ್ಕ ಕೊಡುತ್ತವೆ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆಗಸ್ಟ್ ಕೊನೆಯ ಹೊತ್ತಿಗೆ ಈಮ್‌ನ ದರ್ಜಿಯೊಬ್ಬನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂತು ಎಂದು ಪರಂಪರೆ ಹೇಳುತ್ತದೆ. ಗಂಟು ಬಿಚ್ಚಿದವನು ದರ್ಜಿಯ ಕೈಕೆಳಗಿನ ಕೆಲಸಗಾರ. ಬಟ್ಟೆ ಒದ್ದೆಯಾಗಿತ್ತು. ಅವನು ಅದನ್ನು ಹರಡಿ ಒಲೆಯ ಮುಂದೆ ಕಾಯಲು ಹಾಕಿದ. ಬಟ್ಟೆಯ ಮಡಿಕೆಗಳಲ್ಲಿ ಸೋಂಕು ಹೊತ್ತ ಚಿಗಟಗಳಿದ್ದರೆ ಅವುಗಳಿಗೆ ಬೇಕಾದ ಬಿಸಿಯೂ ಹತ್ತಿರದ ಮೈಯೂ ಒಟ್ಟಿಗೇ ಸಿಕ್ಕಂತಾಯಿತು. ಅವನನ್ನು ಸೆಪ್ಟೆಂಬರ್ 7ರಂದು ಹೂಳಿದರು. ಹದಿನೈದು ದಿನಗಳ ಅಂತರದಲ್ಲಿ ಅದೇ ಮನೆಯ ಹುಡುಗನೊಬ್ಬ ಸತ್ತ, ಆಮೇಲೆ ಅಕ್ಕಪಕ್ಕದ ಮನೆಗಳಲ್ಲಿ ಸಾವು ಕಾಣಿಸಿತು.

ಗಂಟಿನ ಕಥೆಯನ್ನು ಪೂರ್ತಿ ನಂಬಬೇಕೆಂದೇನಿಲ್ಲ. ಅದು ಬಹಳ ಕಾಲದ ನಂತರ ಬರಹಕ್ಕೆ ಇಳಿದದ್ದು. ಆದರೆ ಸಾವುಗಳ ಕ್ರಮ ಅದಕ್ಕೆ ಹೊಂದುತ್ತದೆ: ಒಂದು ಮನೆ, ಆ ಮನೆಯ ನೆರೆ, ಆಮೇಲೆ ಬೀದಿ.

ಅಕ್ಟೋಬರ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಚಳಿ ಏರುತ್ತಿದ್ದಂತೆ ಸಾವು ಇಳಿಯಿತು, ನಿಲ್ಲಲಿಲ್ಲ. ವರ್ಷದ ಕೊನೆಗೆ ಒಟ್ಟು ಲೆಕ್ಕ 40 ದಾಟಿತ್ತು. ಉಳ್ಳ ಮನೆತನವೊಂದು ಮೊದಲೇ ಊರು ಬಿಟ್ಟಿತ್ತು. ಇನ್ನು ಕೆಲವರು ಸುತ್ತಲಿನ ಕಣಿವೆ, ಗುಡ್ಡಗಳಲ್ಲಿ ಗುಡಿಸಲು ಹಾಕಿಕೊಂಡರೆಂದು ಹಳೆಯ ಸ್ಥಳೀಯ ವೃತ್ತಾಂತ ಹೇಳುತ್ತದೆ. ಹೆಚ್ಚಿನವರಿಗೆ ಹೋಗಲು ಜಾಗವಿರಲಿಲ್ಲ. ಹಟ್ಟಿಯ ಕುರಿ, ನಿಂತ ಬೆಳೆ, ತೋಡಿದ ಗಣಿ ಬಿಟ್ಟು ಹೋದವನಿಗೆ ಹಿಂತಿರುಗಿದಾಗ ಬದುಕು ಉಳಿದಿರುತ್ತಿರಲಿಲ್ಲ.

1666ರ ವಸಂತದಲ್ಲಿ ಸಾವು ತಗ್ಗಿತು. ಮೇ ತಿಂಗಳಲ್ಲಿ ಬೆರಳೆಣಿಕೆಯಷ್ಟೇ. ಇಡೀ ಪ್ರಕರಣದಲ್ಲಿ ನನಗೆ ಅತಿ ಕಷ್ಟದ್ದೆನಿಸುವ ತಿಂಗಳು ಇದೇ. ರೋಗ ತೊಲಗಿತೆಂದು ಊರು ಉಸಿರುಬಿಟ್ಟ ಆ ದಿನಗಳಲ್ಲಿ, ಮುಂದಿನ ಕ್ರಮ ಯಾವುದಾಗಬಹುದಿತ್ತೋ ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಜೂನ್ ಬಂದಂತೆ ಸಾವು ಮತ್ತೆ ಏರತೊಡಗಿತು.

ಜೂನ್ ತಿಂಗಳ ಮೂರು ತೀರ್ಮಾನಗಳು

ಆಗ ಊರಿನಲ್ಲಿ ಓಡಿಹೋಗುವ ಮಾತು ಎದ್ದಿತು. ಹತ್ತಿರದ ದೊಡ್ಡ ಊರು ಶೆಫೀಲ್ಡ್. ಈ ಜನ ಅಲ್ಲಿಗೂ ಸುತ್ತಲಿನ ಸಂತೆಗಳಿಗೂ ಚೆದುರಿದರೆ ಏನಾಗುತ್ತದೆಂದು ಮೊಂಪೆಸನ್ ಊಹಿಸಬಲ್ಲವನಾಗಿದ್ದ. ಊರಿನಲ್ಲೇ ಉಳಿಯಿರಿ ಎಂದು ಅವನೊಬ್ಬನೇ ಹೇಳಿದ್ದರೆ ಜನ ಕೇಳುತ್ತಿದ್ದರೆಂದು ನಾನು ನಂಬಲಾರೆ. ಅವನು ಮಾಡಿದ ಮೊದಲ ಸರಿಯಾದ ಕೆಲಸವೆಂದರೆ ಸ್ಟ್ಯಾನ್ಲಿಯ ಬಳಿಗೆ ಹೋದದ್ದು. ಹಾಗೆ ಹೋಗುವುದು ಹಗುರವಾಗಿರಲಿಲ್ಲ. 1665ರ ಐದು ಮೈಲಿ ಕಾಯ್ದೆಯ ಪ್ರಕಾರ, ಗೊತ್ತಾದ ಪ್ರಮಾಣವಚನ ಸ್ವೀಕರಿಸದ ಹೊರಹಾಕಲ್ಪಟ್ಟ ಪಾದ್ರಿಗಳು ತಮ್ಮ ಹಳೆಯ ಪ್ಯಾರಿಷ್‌ನ (ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ) ಐದು ಮೈಲಿಯೊಳಗೆ ಸುಳಿಯಬಾರದಿತ್ತು. ಕಾನೂನು ಯಾರನ್ನು ಊರಾಚೆ ಇಡಬಯಸಿತ್ತೋ ಅವನ ನೆರವಿಲ್ಲದೆ ಊರನ್ನು ಒಳಗೆ ಹಿಡಿದಿಡುವುದು ಸಾಧ್ಯವಿರಲಿಲ್ಲ. ಧರ್ಮದ ವಿಚಾರದಲ್ಲಿ ಎದುರಾಳಿಗಳಾಗಿದ್ದ ಇಬ್ಬರೂ ಜನರ ಮುಂದೆ ಒಟ್ಟಿಗೆ ನಿಂತು ಒಂದೇ ಮಾತು ಹೇಳಿದರು.

ತೀರ್ಮಾನಗಳು ಮೂರು. ಸತ್ತವರನ್ನು ಚರ್ಚಿನ ಸ್ಮಶಾನಕ್ಕೆ ಹೊರದೆ ಅವರವರ ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ತಡಮಾಡದೆ ಹೂಳುವುದು ಒಂದು. ಚರ್ಚಿನ ಬಾಗಿಲು ಮುಚ್ಚಿ, ಕಕ್ಲೆಟ್ ಡೆಲ್ಫ್ ಎಂಬ ಹುಲ್ಲುಗಾವಲಿನ ಕಣಿವೆಯಲ್ಲಿ ಒಂದು ಕುಟುಂಬದಿಂದ ಇನ್ನೊಂದು ಕುಟುಂಬ ಅಂತರವಿಟ್ಟು ನಿಂತು ಪ್ರಾರ್ಥನೆ ನಡೆಸುವುದು ಎರಡನೆಯದು. ಊರಿನ ಸುತ್ತ ಗಡಿಯೊಂದನ್ನು ಗೊತ್ತುಮಾಡಿ ಅದನ್ನು ಒಳಗಿನವರು ಹೊರಕ್ಕೂ ಹೊರಗಿನವರು ಒಳಕ್ಕೂ ದಾಟದಿರುವುದು ಮೂರನೆಯದು.

ಇಂದಿನ ಓದುಗನಿಗೆ ಮೂರನೆಯದೇ ದೊಡ್ಡದಾಗಿ ಕಾಣುತ್ತದೆ. ಆಗಿನವರಿಗೆ ಮೊದಲನೆಯದೇ ಹೆಚ್ಚು ನೋವಿನದಾಗಿದ್ದಿರಬೇಕು. ಪವಿತ್ರ ನೆಲದಲ್ಲಿ, ಪಾದ್ರಿಯ ಮಂತ್ರದೊಂದಿಗೆ, ಹಿರಿಯರ ಪಕ್ಕದಲ್ಲಿ ಮಲಗುವ ಹಕ್ಕನ್ನು ಬಿಟ್ಟುಕೊಡುವುದು ಅಂದಿನ ನಂಬಿಕೆಯಲ್ಲಿ ಸಣ್ಣ ಮಾತಲ್ಲ. ಇಬ್ಬರು ಪಾದ್ರಿಗಳೂ ಕೂಡಿ ಅದಕ್ಕೆ ಒಪ್ಪಿಗೆ ಕೊಟ್ಟದ್ದರಿಂದಲೇ ಜನ ಅದನ್ನು ಪಾಪವೆಂದು ತಿಳಿಯದೆ ಮಾಡಿದರೆಂದು ತೋರುತ್ತದೆ.

ಅನ್ನದ ದಾರಿ

ಗಡಿ ಎಳೆಯುವ ಮೊದಲು ಮೊಂಪೆಸನ್ ಇನ್ನೊಂದು ಏರ್ಪಾಡು ಮಾಡಿದ್ದ. ಕೆಲವು ಮೈಲಿ ದೂರದ ಚಾಟ್ಸ್‌ವರ್ತ್‌ನಲ್ಲಿದ್ದ ಡೆವನ್‌ಶೈರ್‌ನ ಅರ್ಲ್ ಎಂಬ ಪದವಿಯ ಜಹಗೀರುದಾರನಿಗೆ ಬರೆದು, ಊರು ತನ್ನನ್ನು ತಾನೇ ಬಂಧಿಸಿಕೊಳ್ಳುವುದಾದರೆ ಆಹಾರವನ್ನೂ ಅಗತ್ಯ ವಸ್ತುಗಳನ್ನೂ ಕಳಿಸುವ ಭರವಸೆ ಪಡೆದ. ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಹೋಗುವ ಸಂಗತಿ ಇದು. ನನ್ನ ಎಣಿಕೆಯಲ್ಲಿ ಇಡೀ ಪ್ರಕರಣದ ಕೀಲು ಇದೇ. ಹಸಿದ ಊರು ಎಷ್ಟು ದೊಡ್ಡ ಪ್ರತಿಜ್ಞೆ ಮಾಡಿದರೂ ಎಂಟನೆಯ ದಿನಕ್ಕೆ ಸಂತೆಗೆ ಹೋಗುತ್ತದೆ. ಈಮ್‌ನ ಹೆಂಗಸೊಬ್ಬಳು ಟೈಡ್ಸ್‌ವೆಲ್ ಸಂತೆಗೆ ಹೋದಾಗ ಅಲ್ಲಿನವರು ಗುರುತು ಹಿಡಿದು ‘ಪ್ಲೇಗು, ಪ್ಲೇಗು’ ಎಂದು ಕೂಗುತ್ತ ಕೈಗೆ ಸಿಕ್ಕಿದ್ದನ್ನು ಎಸೆದು ಓಡಿಸಿದರೆಂಬ ಐತಿಹ್ಯವಿದೆ. ಗಡಿ ದಾಟಿದವರೇ ಇರಲಿಲ್ಲವೆಂಬುದು ನಿಜವಲ್ಲ, ದಾಟಬೇಕಾದ ಅನಿವಾರ್ಯತೆ ಬಹುಮಂದಿಗೆ ಇರಲಿಲ್ಲವೆಂಬುದು ನಿಜ.

ವಸ್ತು ಹಸ್ತಾಂತರಿಸುವ ರೀತಿಯನ್ನು ಇಂದಿಗೂ ಕಣ್ಣಾರೆ ನೋಡಬಹುದು. ಈಮ್‌ಗೂ ಸ್ಟೋನಿ ಮಿಡಲ್ಟನ್ ಎಂಬ ನೆರೆಯ ಹಳ್ಳಿಗೂ ನಡುವಿನ ಹುಲ್ಲಿನಲ್ಲಿ ಒರಟಾದ ಬಂಡೆಯೊಂದಿದೆ. ಅದರ ಮೈಮೇಲೆ ನಾಣ್ಯ ಇಡಲು ಸಾಕಾಗುವಷ್ಟು ಅಗಲದ ಆರು ಗುಳಿಗಳು. ಗುಳಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯಗಳನ್ನು ಮುಳುಗಿಸಿಟ್ಟು ಈಮ್‌ನವರು ಹಿಂದಕ್ಕೆ ಸರಿಯುತ್ತಿದ್ದರು. ಹೊರಗಿನವರು ಬಂದು ಸಾಮಾನು ಇಳಿಸಿ ಹಣ ತೆಗೆದುಕೊಂಡು ಹೋದ ಮೇಲೆ ಮತ್ತೆ ಇವರು ಬರುತ್ತಿದ್ದರು. ಊರಿನ ಉತ್ತರಕ್ಕೆ ದಿಣ್ಣೆಯ ಮೇಲಿನ, ಈಗ ಮೊಂಪೆಸನ್ ಬಾವಿ ಎಂದು ಕರೆಯುವ ಒರತೆಯಲ್ಲಿ ಹರಿವ ನೀರೇ ಹಣ ತೊಳೆಯುವ ಕೆಲಸ ಮಾಡುತ್ತಿತ್ತು. ಕೊಡುವವನೂ ಕೊಳ್ಳುವವನೂ ಒಬ್ಬರ ಮುಖ ಒಬ್ಬರು ನೋಡದ ವ್ಯಾಪಾರ. ವಿನೆಗರ್ ನಾಣ್ಯದಿಂದ ಪ್ಲೇಗನ್ನು ತಡೆಯಿತೆಂದು ಹೇಳಲಾಗದು, ನಾಣ್ಯದಿಂದ ಪ್ಲೇಗು ಹರಡುವುದು ಇಲ್ಲವೆನ್ನುವಷ್ಟು ಕಡಿಮೆ. ತಡೆದದ್ದು ಆ ಮುಖ ನೋಡದ ಅಂತರ.

ಗಡಿ ಗಟ್ಟಿಯಾಗುವ ಮೊದಲೇ ಮೊಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಊರಾಚೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಮಕ್ಕಳೊಡನೆ ಹೋಗಲು ಒಪ್ಪದೆ ಅವನೊಂದಿಗೇ ಉಳಿದಳು. ಎಲ್ಲರನ್ನೂ ಒಳಗಿರಿಸಿ ತನ್ನ ಮಕ್ಕಳನ್ನು ಮಾತ್ರ ಹೊರಗೆ ಕಳಿಸಿದನೆಂದು ಇದನ್ನು ಆಕ್ಷೇಪಿಸಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. ಇಂಥ ಪ್ರಕರಣಗಳಲ್ಲಿ ಮುಂದಾಳುಗಳ ಶುದ್ಧ ಚಿತ್ರವೇ ಬೇಕೆನ್ನುವವರು ಈ ವಿವರವನ್ನು ಮರೆಮಾಚುತ್ತಾರೆ, ಮರೆಮಾಚಬೇಕಾದ ಅಗತ್ಯವೇನೂ ಇಲ್ಲ.

ಆ ಬೇಸಿಗೆ

ಜುಲೈಯಲ್ಲಿ 50ಕ್ಕೂ ಹೆಚ್ಚು, ಆಗಸ್ಟ್‌ನಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. ಗಡಿ ಎಳೆದ ನಂತರವೇ ಸಾವಿನ ಬಹುಭಾಗ ಸಂಭವಿಸಿತೆಂಬುದನ್ನು ಮರೆಯಬಾರದು.

ಊರಿನ ಹೊರಭಾಗದ ಒಂದು ಹೊಲಮನೆಯಲ್ಲಿ ಆಗಸ್ಟ್‌ನ ಎಂಟು ದಿನಗಳೊಳಗೆ ಗಂಡನೂ ಆರು ಮಕ್ಕಳೂ ಸತ್ತರು. ತಾಯಿಗೆ ಸೋಂಕು ತಗಲಲಿಲ್ಲ. ನೆರವಿಗೆ ಬರಬಾರದೆಂಬುದೇ ನಿಯಮ. ಹೀಗಾಗಿ ಏಳು ಗುಂಡಿಗಳನ್ನೂ ಅವಳೇ ತೋಡಬೇಕಾಯಿತು. ಹೆಣಗಳನ್ನು ಬಟ್ಟೆಯಿಂದ ಕಟ್ಟಿ ಹೊಲದವರೆಗೆ ಎಳೆದುಕೊಂಡು ಹೋದಳೆಂದೂ, ಎದುರಿನ ದಿಬ್ಬದಿಂದ ಸ್ಟೋನಿ ಮಿಡಲ್ಟನ್ನಿನವರು ಅದನ್ನು ನೋಡುತ್ತ ನಿಂತರೆಂದೂ ಹೇಳುತ್ತಾರೆ. ಆಮೇಲೆ ಅವಳು ಬೇರೆಡೆ ಬದುಕಿದ್ದ ಮಗನ ಬಳಿಗೆ ಹೋದಳು. ಅವಳ ಮನೆಯವರ ಸಮಾಧಿಗಳು ಕಲ್ಲಿನ ಸಣ್ಣ ಆವರಣದೊಳಗೆ ಇಂದಿಗೂ ಇವೆ.

ಹೂಳುವವರೇ ಉಳಿಯದ ಮನೆಗಳಿಗೆ ಒಬ್ಬ ಗಟ್ಟಿಮುಟ್ಟಾದ ಗಣಿಗಾರ ಹೋಗುತ್ತಿದ್ದ. ಅವನಿಗೆ ಮೊದಲೇ ರೋಗ ಬಂದು ವಾಸಿಯಾಗಿತ್ತು, ಮತ್ತೆ ಬರದೆಂಬ ನಂಬಿಕೆ ಅವನದು. ಕೂಲಿಯ ಬದಲಿಗೆ ಸತ್ತವರ ಬಟ್ಟೆಬರೆ, ಸಾಮಾನುಗಳನ್ನು ಮನೆಗೆ ಒಯ್ಯುತ್ತಿದ್ದ. ಅವನು ಬದುಕಿದ, ಅವನ ಹೆಂಡತಿಯೂ ಮಗನೂ ಸತ್ತರು. ಬಟ್ಟೆಯಲ್ಲಿ ಬಂದದ್ದೆನ್ನಲಾದ ರೋಗ ಬಟ್ಟೆಯಲ್ಲೇ ಮನೆಯಿಂದ ಮನೆಗೆ ಹೋಗಿರಬಹುದಾದ ಸಾಧ್ಯತೆ ಊರಿನವರಿಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಕೊನೆಯಲ್ಲಿ: ನವೆಂಬರ್ 20ರ ಪತ್ರದಲ್ಲಿ ಮೊಂಪೆಸನ್, ಊರಿನ ಉಣ್ಣೆಬಟ್ಟೆಗಳಿಗೆಲ್ಲ ಹೊಗೆ ಹಾಕಿ ಶುದ್ಧಿ ಮಾಡಿಸಲು ಆ ವಾರವನ್ನು ಮೀಸಲಿಟ್ಟಿರುವುದಾಗಿ ಬರೆಯುತ್ತಾನೆ. ಅದೇ ಪತ್ರದಲ್ಲಿ ಅವನು ಕೊಡುವ ಲೆಕ್ಕ 76 ಕುಟುಂಬಗಳು, 259 ಸಾವು.

ಆ ಲೆಕ್ಕದಲ್ಲಿ ಅವನ ಹೆಂಡತಿಯೂ ಸೇರಿದ್ದಾಳೆ. ಕ್ಯಾಥರೀನ್ ಆಗಸ್ಟ್ 25ರಂದು ತೀರಿಕೊಂಡಳು. ಅವಳ ಸಮಾಧಿ ಚರ್ಚಿನ ಅಂಗಳದಲ್ಲಿದೆ, ಹೊಲದಲ್ಲಲ್ಲ. ಕೊನೆಯ ಸಾವು ನವೆಂಬರ್ ಆರಂಭದಲ್ಲಿ ನಡೆಯಿತು. ರೋಗ ಕಾಲಿಟ್ಟ ಹದಿನಾಲ್ಕು ತಿಂಗಳಿಗೆ ಊರಿನಲ್ಲಿ ಹೊಸದಾಗಿ ಪ್ಲೇಗಿನ ಗಡ್ಡೆ ಕಾಣಿಸುವುದು ನಿಂತಿತು. ಪ್ಲೇಗು ಗಡಿ ದಾಟಿ ಸುತ್ತಲಿನ ಹಳ್ಳಿಗಳಿಗೆ ಹಬ್ಬಲಿಲ್ಲವೆಂಬುದನ್ನು ಈ ಪ್ರಕರಣವನ್ನು ಟೀಕಿಸುವವರೂ ಸಾಮಾನ್ಯವಾಗಿ ಒಪ್ಪುತ್ತಾರೆ.

ಪ್ರಕರಣವನ್ನು ಓದುವ ಬಗೆ

ಈಮ್‌ನವರಿಗೆ ರೋಗದ ಕಾರಣ ಗೊತ್ತಿರಲಿಲ್ಲ. ಕೆಟ್ಟ ಗಾಳಿ, ದೇವರ ಕೋಪ, ಸ್ಪರ್ಶ, ಈ ಮೂರರ ನಡುವೆ ಅವರ ಊಹೆ ತೂಗುತ್ತಿತ್ತು. ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ. ಇಲಿಯಿಂದ ಮನುಷ್ಯನಿಗೆ ಅದನ್ನು ಸಾಗಿಸುವುದು ಚಿಗಟವೆಂದು ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ತೋರಿಸಿದ. ಈ ತಿಳಿವಳಿಕೆ ಬಂದ ಮೇಲೆ ಈಮ್‌ನ ನಿರ್ಧಾರದ ಬಗ್ಗೆ ಕಹಿಯಾದ ಪ್ರಶ್ನೆಯೊಂದು ಎದ್ದಿತು. ಸೋಂಕು ಮನೆಯ ಇಲಿ, ಚಿಗಟಗಳಲ್ಲಿದ್ದರೆ ಜನರನ್ನು ಅದೇ ಮನೆಗಳಲ್ಲಿ ಉಳಿಸಿದ್ದು ಅವರನ್ನು ಸಾವಿನ ಬಾಯಿಗೆ ಕೊಟ್ಟಂತಲ್ಲವೇ?

ಇಲ್ಲಿ ಒಂದು ಹೋಲಿಕೆ ಕನ್ನಡದ ಓದುಗರಿಗೆ ತಾನಾಗಿ ನೆನಪಾಗುತ್ತದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದ ನಂತರದ ದಶಕಗಳಲ್ಲಿ ನಮ್ಮ ಹಳ್ಳಿಗಳವರು, ಮನೆಯಲ್ಲಿ ಇಲಿ ಸತ್ತು ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ಕಲಿತರು. ಅವರು ದೂರ ಓಡಲಿಲ್ಲ, ಮನೆಯಲ್ಲೂ ಉಳಿಯಲಿಲ್ಲ. ಈಮ್‌ನಲ್ಲಿ ಗುಡ್ಡಕ್ಕೆ ಹೋಗಿ ಗುಡಿಸಲು ಹಾಕಿಕೊಂಡ ಆ ಕೆಲವರು ಹಿಡಿದದ್ದೂ ಇದೇ ದಾರಿ. ಗಡಿಯೊಳಗೇ ಇದ್ದುಕೊಂಡು ಮನೆಗಳನ್ನು ಮಾತ್ರ ಖಾಲಿ ಮಾಡುವ ಈ ಮೂರನೆಯ ದಾರಿಯನ್ನು ಇಡೀ ಊರಿಗೆ ಅನ್ವಯಿಸಿದ್ದರೆ, ಬೇಸಿಗೆಯ ತಿಂಗಳುಗಳಾದ್ದರಿಂದ ಬಯಲಲ್ಲಿ ಮಲಗುವುದು ಅಸಾಧ್ಯವೇನೂ ಆಗಿರಲಿಲ್ಲ. ಪ್ರಾರ್ಥನೆಯನ್ನು ಬಯಲಿಗೆ ತಂದವರು ನಿದ್ದೆಯನ್ನು ತರಲಿಲ್ಲ.

ಹಾಗೆಂದು ತೀರ್ಪು ಕೊಟ್ಟುಬಿಡುವುದೂ ಅವಸರವೇ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾವುಗಳ ದಿನಾಂಕ ಮತ್ತು ಕುಟುಂಬ ಸಂಬಂಧಗಳನ್ನು ಗಣಿತದ ಮಾದರಿಯೊಳಗೆ ಇಟ್ಟು ನೋಡಿ, ಈಮ್‌ನ ಸೋಂಕುಗಳಲ್ಲಿ ಸುಮಾರು ಮುಕ್ಕಾಲು ಭಾಗ ಮನುಷ್ಯರಿಂದ ಮನುಷ್ಯರಿಗೆ ಹರಡಿದವೆಂದೂ ಕಾಲು ಭಾಗವಷ್ಟೇ ಇಲಿಗಳಿಂದ ನೇರವಾಗಿ ಬಂದವೆಂದೂ ಅಂದಾಜಿಸಿತು. ಮನುಷ್ಯರ ನಡುವೆ ಹರಡುವಿಕೆ ಅಷ್ಟಿದ್ದರೆ, ಜನ ಚೆದುರಿ ಹೋಗಿದ್ದಲ್ಲಿ ಸುತ್ತಲಿನ ಊರುಗಳಿಗೆ ಆಗಬಹುದಾಗಿದ್ದ ಹಾನಿ ನಿಜವಾದದ್ದು, ಗಡಿ ತಡೆದದ್ದೂ ನಿಜವಾದದ್ದು. ಜೊತೆಗೆ ಒಂದೇ ಸೂರಿನಡಿ ರೋಗಿಯನ್ನೂ ಆರೋಗ್ಯವಂತರನ್ನೂ ಒಟ್ಟಿಗೆ ಉಳಿಸಿದ್ದರ ಬೆಲೆಯೂ ನಿಜವಾದದ್ದು. ಹೊರಗಿನವರನ್ನು ಕಾಯ್ದ ಕ್ರಮವೇ ಒಳಗಿನವರ ಪಾಲಿಗೆ ಅರೆಬರೆಯಾಗಿತ್ತು. ಊರಿನ ಗಡಿಯಷ್ಟೇ ಎಚ್ಚರದಿಂದ ಮನೆಯೊಳಗಿನ ಗಡಿಯನ್ನು ಯೋಚಿಸಲಿಲ್ಲ.

ಸ್ವಇಚ್ಛೆ ಎಂಬ ಮಾತನ್ನೂ ಅಳತೆಯಿಂದ ಬಳಸಬೇಕು. 1604ರ ಕಾನೂನಿನಂತೆ ಗಡ್ಡೆ ಎದ್ದವನು ಹೊರಗೆ ತಿರುಗಾಡಿದರೆ ಅದು ಮರಣದಂಡನೆಯವರೆಗೆ ಹೋಗಬಲ್ಲ ಅಪರಾಧ. ಲಂಡನ್ನಿನಲ್ಲಿ ರೋಗ ಕಂಡ ಮನೆಯ ಬಾಗಿಲಿಗೆ ಬೀಗ ಹಾಕಿ, ಕೆಂಪು ಶಿಲುಬೆ ಬರೆದು, ಕಾವಲು ನಿಲ್ಲಿಸುತ್ತಿದ್ದರು. ಈಮ್‌ನವರು ಹೊರಟಿದ್ದರೂ ಸುತ್ತಲಿನ ಊರುಗಳು ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದುದು ಅನುಮಾನ. ಅವರ ಮುಂದೆ ಇದ್ದ ಆಯ್ಕೆ ಸಂಪೂರ್ಣ ಮುಕ್ತವಾಗಿರಲಿಲ್ಲ. ಆದರೆ ಬಲವಂತದ ಬೀಗಕ್ಕೂ ಈಮ್‌ನ ಗಡಿಗೂ ವ್ಯತ್ಯಾಸವೇ ಇರಲಿಲ್ಲವೆನ್ನಲಾಗದು. ಬೀಗ ಹಾಕಿಸಿಕೊಂಡ ಲಂಡನ್ನಿನ ಮನೆಗಳಿಂದ ಜನ ಕಾವಲುಗಾರನಿಗೆ ಲಂಚ ಕೊಟ್ಟೋ ಹಿತ್ತಿಲಿನ ಗೋಡೆ ಹಾರಿಯೋ ಪಾರಾಗುತ್ತಿದ್ದರು. ಈಮ್‌ನ ಗಡಿಗೆ ಗೋಡೆಯೇ ಇರಲಿಲ್ಲ, ರಾತ್ರಿ ಯಾರೂ ಎದ್ದು ನಡೆಯಬಹುದಿತ್ತು.

ಎರಡು ಉಪಸಂಹಾರಗಳು ಉಳಿದಿವೆ. ರೋಗ ಕಳೆದ ಮೇಲೆ ಸ್ಟ್ಯಾನ್ಲಿಯನ್ನು ಊರಿನಿಂದ ಹೊರಹಾಕಬೇಕೆಂದು ಕೆಲವರು ಒತ್ತಾಯಿಸಿದಾಗ ಅರ್ಲ್ ಅದಕ್ಕೆ ಒಪ್ಪಲಿಲ್ಲವೆಂದು ಹೇಳಲಾಗುತ್ತದೆ. ಆ ಮುದುಕ 1670ರಲ್ಲಿ ತೀರಿಕೊಳ್ಳುವವರೆಗೆ ಈಮ್‌ನಲ್ಲೇ ಇದ್ದ. ಮೊಂಪೆಸನ್‌ಗೆ 1669ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್ರಿಂಗ್ ಎಂಬ ಊರಿನ ಪಾದ್ರಿ ಹುದ್ದೆ ದೊರೆಯಿತು. ಪ್ಲೇಗಿನ ಊರಿನಿಂದ ಬಂದವನೆಂದು ಅಲ್ಲಿನ ಜನ ಅವನನ್ನು ಊರೊಳಗೆ ಬಿಟ್ಟುಕೊಳ್ಳಲು ಹೆದರಿದರು. ಅವರ ಭಯ ಇಳಿಯುವವರೆಗೆ ಅವನು ಹತ್ತಿರದ ರಫರ್ಡ್ ಉದ್ಯಾನದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕಾಯಿತೆಂದು ಅಲ್ಲಿಯವರ ನೆನಪು ಹೇಳುತ್ತದೆ.